ಎಣ್ಣೆಯಾಚೆಗಿನ ಹೊಂಗೆ

ಹೊಂಗೆಯೆಂದರೆ ಈಗ ಎಲ್ಲರಿಗೂ ಎಣ್ಣೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿ ಹೊಲಗಳ ಬದುವಿನಲ್ಲಿ ಅದು ತಲೆಮಾರುಗಳಿಂದ ಇದೆ. ಆದರೆ ಅದರ ದಿಮ್ಮಿಯ ಬಗ್ಗೆ ಕೇಳುವವರು ಅಪರೂಪ.

ಹಳಬರು ಕೇಳಿದ್ದರು. ಭಾರತದ ಮರಗಳ ಬಗೆಗಿನ 1881ರ ಗ್ಯಾಂಬಲ್ ಕೈಪಿಡಿಯಲ್ಲಿ ಹೊಂಗೆಗೂ ಜಾಗವಿದೆ. 1938ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆರೆಯಿತು. 1988ರಲ್ಲಿ ಅದೇ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಆದರೆ ಗಂಧ, ತೇಗದ ಮುಂದೆ ಬದುವಿನ ಮರ ಯಾವ ಲೆಕ್ಕ? ತೇಗವನ್ನು 100 ಎಂದಿಟ್ಟುಕೊಂಡು ಉಳಿದೆಲ್ಲ ಮರಗಳನ್ನು ತೂಗುವ ನಮ್ಮ ಪದ್ಧತಿಯೂ ಹೊಂಗೆಗೆ ಒಳ್ಳೆಯದು ಮಾಡಲಿಲ್ಲ. ಆಮೇಲೆ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಬಂದು ಹೊಲಗಳನ್ನೇ ತುಂಬಿತು.

ನಮ್ಮ ಕಾಲದ ದೊಡ್ಡ ತಿರುವು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರದು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ, ನೀರೆತ್ತಿ ತೋರಿಸಿದರು. ಆ ಕೆಲಸಕ್ಕೆ ನನಗೆ ಇಂದಿಗೂ ಗೌರವವಿದೆ. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿಯೂ ಬಂತು. ತೊಡಕು ಹುಟ್ಟಿದ್ದು ಅಲ್ಲಿಂದ ಮುಂದೆ. ಬೀಜ ಹೆಚ್ಚು ಬಿಡುವ ಮರಗಳನ್ನೇ ಆರಿಸಿ, ಬೇಗ ಫಲಕ್ಕೆ ಬರಲೆಂದು ಕಸಿ ಕಟ್ಟಿದೆವು. ಕಸಿ ಗಿಡ ಕೆಳಗೇ ಕವಲೊಡೆದು ಹರಡುತ್ತದೆ. ಬಡಗಿಗೆ ಬೇಕಾದ ನೆಟ್ಟನೆಯ ಬೊಡ್ಡೆಯನ್ನು ನಾವೇ ಆಯ್ಕೆಯಿಂದ ಹೊರಗಿಟ್ಟೆವು.

ಹೊಂಗೆಯ ತುಂಡನ್ನು ಅಡ್ಡ ಕೊಯ್ದು ಚೂಪಾದ ಉಳಿಯಿಂದ ನುಣುಪು ಮಾಡಿ, ಭೂತಗನ್ನಡಿ ಹಿಡಿಯಿರಿ. ನಸುಹಳದಿ ಮೈಮೇಲೆ ತಿಳಿ, ಕಡು ಪಟ್ಟಿಗಳು ಅಲೆಯಲೆಯಾಗಿ ಕಾಣುತ್ತವೆ. ಬೇರೆಯಾಗಿ ಗುರುತಿಸುವ ಕೆಚ್ಚು ಇಲ್ಲ. ತಿಳಿ ಪಟ್ಟಿಗಳದು ಮೃದು ಅಂಗಾಂಶ. ಮರ ತನ್ನ ಪಿಷ್ಟವನ್ನು ಕೂಡಿಡುವ ಕಣಜ. ಹಲಗೆ ಸೀಳಿದಾಗ ಚೆಂದದ ಗೆರೆ ಬರುವುದೂ ಅದರಿಂದಲೇ, ಕುಟ್ಟೆ ಹುಳು ಹತ್ತುವುದೂ ಅದರಿಂದಲೇ. ಹಿಂದೆ ಗಾಡಿಚಕ್ರಕ್ಕೆ, ನೊಗಕ್ಕೆ ಹೊಂಗೆ ಬಳಸುತ್ತಿದ್ದವರಿಗೆ ಇದು ಗೊತ್ತಿತ್ತು. "ಕೆರೆಯಲ್ಲಿ ನೆನೆಹಾಕದೆ ಮುಟ್ಟಬೇಡಿ ಸಾರ್" ಎಂದು ಹಿರಿಯ ಆಚಾರಿಯೊಬ್ಬರು ನನಗೆ ಹೇಳಿದ್ದರು. ನೆನೆಸಿದರೆ ಪಿಷ್ಟ ಹುಳಿತು ಹೋಗುತ್ತದೆ. ಹುಳುವಿಗೆ ತಿನ್ನಲು ಉಳಿಯುವುದಿಲ್ಲ. ಅವರ ಮಾತು ಕೇಳದೆ ನಾನು ಹಾಗೇ ಒಣಗಿಸಿದ ಹಲಗೆಯ ಕೆಳಗೆ ಒಂದೇ ಮಳೆಗಾಲಕ್ಕೆ ಹಿಟ್ಟು ಬಿದ್ದಿತ್ತು. ಇಂದು ಬೋರಾಕ್ಸ್–ಬೋರಿಕ್ ಆಮ್ಲದ ದ್ರಾವಣವೂ ಅದೇ ಕೆಲಸಕ್ಕೆ ಒದಗುತ್ತದೆ. ಇಷ್ಟಾದರೆ ಹಿಡಿಕೆ, ಪೆಟ್ಟಿಗೆ, ಸಣ್ಣ ಪೀಠೋಪಕರಣಕ್ಕೆ ಹೊಂಗೆ ಸಾಕು. ಹೊಸ್ತಿಲಿಗೂ ಕಂಬಕ್ಕೂ ಅದನ್ನು ಕೇಳಬಾರದು.

ಬಾಕಿ ಉಳಿದಿರುವುದು ವಯಸ್ಸಿನ, ನೆಲದ ಪ್ರಶ್ನೆ. ಹತ್ತು ವರ್ಷದ ಮರಕ್ಕೂ ನಲವತ್ತು ವರ್ಷದ್ದಕ್ಕೂ, ಕೆಂಪು ಮಣ್ಣಿನ ಒಣ ಬದುವಿಗೂ ಕೆರೆಯಂಚಿಗೂ ಬಲದಲ್ಲಿ ಏನು ವ್ಯತ್ಯಾಸ? ಇದನ್ನು ತಿಳಿಯಲು ಹೊಸ ತೋಪು ಬೆಳೆಸಿ ಕಾಯಬೇಕಿಲ್ಲ. ದೇವನಹಳ್ಳಿ ಸುತ್ತ ಬಡಾವಣೆಗಳಿಗೆ ಹೊಲ ಮಾರಾಟವಾದಂತೆಲ್ಲ ಹಳೆಯ ಹೊಂಗೆಗಳು ಉರುಳಿ, ಸೌದೆಯಾಗಿ ತೂಕಕ್ಕೆ ಹೋಗುತ್ತಿವೆ. ಬಾಗುವ ಬಲದ ಪರೀಕ್ಷೆಗೆ ಬೇಕಾಗುವ ತುಂಡು 2 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ, 30 ಸೆಂ.ಮೀ. ಉದ್ದದ್ದು. ಲಾರಿಗೆ ಹೇರುವ ಮೊದಲು ಎದೆಮಟ್ಟದಲ್ಲಿ ಒಂದು ಮೊಳ ದಿಮ್ಮಿ ಕೊಯ್ದು, ಊರು, ಬದು, ವಯಸ್ಸು ಬರೆದಿಟ್ಟುಕೊಂಡರೆ ಆ ತುಂಡುಗಳು ಸಿಗುತ್ತವೆ.