ಎಣ್ಣೆ ಕಿಟ್ಟಿಸಿಗೊಂಡ ಜೀಪಿನ ಕತೆ



ಅಡಕ್ಕೆ ತೋಟದ ಮನೆಗಳಲ್ಲಿ ಜೀಪು ಹೇಳಿರೆ ಮನೆಯ ಒಂದು ಜೆನ ಇದ್ದ ಹಾಂಗೆ. ಮಳೆಗಾಲಲ್ಲಿ ಬಸರಿಯ ಆಸ್ಪತ್ರೆಗೆ ಎತ್ತುಸಿದ್ದು ಅದು, ಅಡಕ್ಕೆ ಗೋಣಿಯ ಪೇಟೆಗೆ ಹೊತ್ತದು ಅದು, ದಿಬ್ಬಣದ ದಿನ ಲೆಕ್ಕಂದ ಹೆಚ್ಚು ಜೆನರ ತುಂಬುಸಿಗೊಂಡು ಗುಡ್ಡೆ ಹತ್ತಿದ್ದೂ ಅದುವೇ. ಈಗ ಸುಮಾರು ಮನೆಗಳಲ್ಲಿ ಅದು ಕೊಟ್ಟಗೆಯ ಕರೇಲಿ ನಿಂದೊಂಡಿದ್ದು. ಗುಜರಿಗೆ ಕೊಡುದೊ, ಸರಿ ಮಾಡ್ಸುದೊ ಹೇಳ್ತ ಚರ್ಚೆ ಗೆಂಡುಮಕ್ಕಳದ್ದು. ನಾವು ಕಾಪಿ ಕೊಟ್ಟಿಕ್ಕಿ ಒಳ ಹೋಪದು. ಆದರೆ ಇದರ ಚರಿತ್ರೆ ನೋಡಿರೆ, ಈ ಗಾಡಿಯ ಇಷ್ಟು ವರ್ಷ ಒಳುಶಿದ್ದು ಹೆಮ್ಮಕ್ಕೊಗೆ ಚೆಂದಕೆ ಗೊಂತಿಪ್ಪ ಒಂದು ವಿದ್ಯೆ: ಹಾಳಪ್ಪಂದ ಮದಲೇ ನೋಡಿಗೊಂಬದು.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಸಣ್ಣ, ಹಗುರದ, ನಾಲ್ಕು ಚಕ್ರಕ್ಕೂ ಶಕ್ತಿ ಹೋಪ ಗಾಡಿ ಬೇಕಾತು. ಬ್ಯಾಂಟಮ್ ಹೇಳ್ತ ಸಣ್ಣ ಕಂಪೆನಿ ಅದೇ ವರ್ಷ ಸೆಪ್ಟೆಂಬರಿಲಿ ಮದಲಾಣ ಮಾದರಿಯ ಮಾಡಿ ಕೊಟ್ಟತ್ತು. ಆದರೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲಿಸ್-ಓವರ್‌ಲ್ಯಾಂಡ್ ಕಂಪೆನಿಗೆ, ಮತ್ತೆ ಅದೇ ನಕ್ಷೆ ಮಡಿಕ್ಕೊಂಡು ಮಾಡ್ಲೆ ಒಪ್ಪಿದ ಫೋರ್ಡಿಂಗೆ. ಯುದ್ಧ ಮುಗಿವಗ ಎರಡೂ ಕಂಪೆನಿಗೊ ಸೇರಿ 6 ಲಕ್ಷಂದಲೂ ಹೆಚ್ಚು ಜೀಪು ಮಾಡಿತ್ತಿದ್ದವು.

ಆ ಜೀಪಿನ ಒಂದೊಂದೇ ವಿಷಯ ನೋಡಿ. ವಿಲ್ಲಿಸಿನ ಬಿಡಿಭಾಗ ಫೋರ್ಡಿನ ಜೀಪಿಂಗೆ ಕೂರ್ತು, ಅದರದ್ದು ಇದಕ್ಕೆ ಕೂರ್ತು. ಮುಂದಾಣ ಲೈಟಿನ ಒಂದು ಬೋಲ್ಟು ಸಡ್ಲುಸಿ ಹಿಂದಂಗೆ ತಿರುಗುಸಿರೆ ಇಂಜಿನಿನ ಮೇಲೆ ಬೆಣಚ್ಚು ಬೀಳ್ತು. ಕಸ್ತಲೆಲಿ ರಿಪೇರಿ ಮಾಡುವವಂಗೆ ಬೇರೆ ದೀಪ ಬೇಡ. ಬಿಚ್ಚುವವನ ಕಷ್ಟ ಎಂತರ ಹೇಳಿ ಯೋಚನೆ ಮಾಡಿಯೇ ಮಾಡಿದ ಗಾಡಿ ಅದು.

ಆದರೆ ಗಾಡಿ ಗಟ್ಟಿ ಇದ್ದರೆ ಸಾಲ, ನೋಡಿಗೊಂಬಲೆ ಜೆನ ಬೇಕು. ಸೈನ್ಯದವು ದಪ್ಪದ ಕೈಪಿಡಿ ಕೊಟ್ಟರೆ ಯುದ್ಧಕ್ಕೆ ಹೆರಟ ಮಾಣಿಯಂಗೊ ಅದರ ಓದೆಕ್ಕನ್ನೆ! ಅದಕ್ಕೆ 'ಆರ್ಮಿ ಮೋಟರ್ಸ್' ಹೇಳ್ತ ಪತ್ರಿಕೆಲಿ ವಿಲ್ ಐಸ್ನರ್ ಹೇಳ್ತ ಚಿತ್ರಗಾರ ಕಾಮಿಕ್ಸ್ ಮಾಡ್ಲೆ ಸುರು ಮಾಡಿದ. ಅದರ್ಲಿ ಜೋ ಡೋಪ್ ಹೇಳ್ತ ಮಡ್ಡ ಸೈನಿಕ ಗಾಡಿಯ ಹಾಳು ಮಾಡುವವ. ನೋಡಿಗೊಂಬ ಕ್ರಮ ಹೇಳಿ ಕೊಡುದು ಕಾನಿ ರಾಡ್ ಹೇಳ್ತ ಕೂಸು. ಇಂಜಿನಿನ 'ಕನೆಕ್ಟಿಂಗ್ ರಾಡ್'ಂದ ಬಂದ ಹೆಸರದು. ಅದರ ಅಷ್ಟು ಚೆಂದ ಮಾಡಿ ಬರದ್ದು ಸೈನಿಕರ ಕಣ್ಣು ಎಳವಲೆ ಹೇಳುದು ಬೇರೆ ಮಾತು. 1951ರಲ್ಲಿ 'ಪಿಎಸ್' ಹೇಳ್ತ ತಿಂಗಳ ಪತ್ರಿಕೆಯೇ ಸುರು ಆತು. ಹಾಳಪ್ಪಂದ ಮದಲು ನೋಡಿಗೊಂಬದು ಹೇಂಗೆ ಹೇಳುದೇ ಅದರ ವಿಷಯ. ಐಸ್ನರ್ 1971ರ ವರೆಗೆ ಅದಕ್ಕೆ ಚಿತ್ರ ಮಾಡಿದ.

ಕತೆಲಿ ಮಾತ್ರ ಅಲ್ಲ, ನಿಜವಾಗಿಯೂ ಹೆಮ್ಮಕ್ಕೊ ಈ ಕೆಲಸ ಕಲ್ತಿದವು. 1945ರಲ್ಲಿ ಬ್ರಿಟನಿನ ರಾಜಕುಮಾರಿ ಎಲಿಜಬೆತ್, ಮತ್ತೆ ರಾಣಿ ಆದವು, ಸೈನ್ಯದ ಮಹಿಳಾ ವಿಭಾಗಕ್ಕೆ ಸೇರಿ ಗಾಡಿ ಬಿಡ್ಲೂ ರಿಪೇರಿ ಮಾಡ್ಲೂ ಕಲ್ತವು.

ನಮ್ಮ ದೇಶಕ್ಕೆ ಬಪ್ಪ. 1945ರಲ್ಲಿ 'ಮಹೀಂದ್ರ ಎಂಡ್ ಮೊಹಮ್ಮದ್' ಹೇಳಿ ಉಕ್ಕಿನ ವ್ಯಾಪಾರದ ಕಂಪೆನಿ ಸುರು ಆತು. ದೇಶ ವಿಭಜನೆ ಅಪ್ಪಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಯಾಣ ಮದಲಾಣ ಹಣಕಾಸು ಮಂತ್ರಿ ಆದವು. 1948ರಲ್ಲಿ ಕಂಪೆನಿಯ ಹೆಸರು 'ಮಹೀಂದ್ರ ಎಂಡ್ ಮಹೀಂದ್ರ' ಆತು. ಆ ದಶಕದ ಅಕೇರಿಗೆ ಮುಂಬಯಿಯ ಮಜಗಾಂವಿಲಿ ಅವು ವಿಲ್ಲಿಸ್ ಜೀಪಿನ ಭಾಗಂಗಳ ತರ್ಸಿ ಜೋಡ್ಸುಲೆ ಸುರು ಮಾಡಿದವು. 1953ರಲ್ಲಿ ಅಮೆರಿಕಲ್ಲಿ ಬಂದ ಸಿಜೆ-3ಬಿ ಮಾದರಿಯ ಬೋನೆಟ್ಟು ಎತ್ತರ, ಎಂತಕೆ ಹೇಳಿರೆ ಒಳಾಣ ಹೊಸ ಇಂಜಿನೇ ಎತ್ತರ. ಅಮೆರಿಕಲ್ಲಿ ಅದು ನಿಂದ ಮೇಲೂ ಇಲ್ಲಿ ಅದೇ ಮೋರೆ ದಶಕಂಗಟ್ಲೆ ಒಳುದತ್ತು. 1980ರ ದಶಕಲ್ಲಿ ಫ್ರಾನ್ಸಿನ ಪ್ಯೂಜೊ ಕಂಪೆನಿಯ 2.1 ಲೀಟರಿನ ಡೀಸೆಲ್ ಇಂಜಿನು ಮಡಗಿದ ಎಂಎಂ 540 ಬಂತು. ರೂಪ ನಿಧಾನಕ್ಕೆ ಬದಲಿದ ಕಾರಣ ಅಜ್ಜನ ಜೀಪಿನ ಕೆಲಸ ಕಲ್ತವಂಗೆ ಪುಳ್ಳಿಯ ಜೀಪುದೇ ಅರ್ಥ ಆತು.

ಇನ್ನು ಮನೆಲಿ ನೋಡೆಕ್ಕಾದ್ದು. ಪಟ್ಟಿ ಸ್ಪ್ರಿಂಗಿನ ಕೀಲುಗೊಕ್ಕೆ ಗ್ರೀಸು ಹಾಕುದು ಹೇಳಿರೆ ಮಕ್ಕೊಗೆ ಎಣ್ಣೆ ಕಿಟ್ಟಿದ ಹಾಂಗೆ. ಹಳೆ ಕೆಸರು ಹೆರ ಬಂದು ಹೊಸ ಗ್ರೀಸು ಕಾಂಬನ್ನಾರ ಹಾಕೆಕ್ಕು. ತೋಡು ದಾಂಟಿ ಬಂದರೆ ಹಿಂದಾಣ ಗುಂಡಿನ ಎಣ್ಣೆ ನೋಡೆಕ್ಕು. ಅದು ಮಜ್ಜಿಗೆಯ ಹಾಂಗೆ ಬೆಳಿ ಆದರೆ ನೀರು ಹೊಕ್ಕಿದು, ಬದಲುಸೆಕ್ಕು. ಇಂಜಿನು ಬೆಶಿ ಇಪ್ಪಗ ರೇಡಿಯೇಟರಿನ ಮುಚ್ಚಲು ತೆಗವಲಾಗ. ಕುಕ್ಕರಿನ ಹಾಂಗೆಯೇ ಅದುದೇ. ಜಾಕಿನ ಮಾತ್ರ ನಂಬಿ ಅಡಿಯಂಗೆ ಹೋಪಲಾಗ, ಗಟ್ಟಿ ಮರದ ದಿಮ್ಮಿ ಮಡಗೆಕ್ಕು.

ಬ್ರೇಕಿನ ವಿಷಯ ರಜ್ಜ ಗಮನ ಕೊಟ್ಟು ಓದಿ. ಹಳೆ ಜೀಪುಗಳಲ್ಲಿ ನಾಲ್ಕು ಚಕ್ರದ ಬ್ರೇಕಿಂಗೂ ಎಣ್ಣೆಯ ಒಂದೇ ದಾರಿ. ಒಂದು ಹೊಡೆ ಸೋರಿರೆ ನಾಲ್ಕೂ ಹೋತು. ಡಬ್ಬಿಲಿ ಬ್ರೇಕಿನ ಎಣ್ಣೆ ಕಮ್ಮಿ ಆದರೆ ಮೇಗಂದ ತುಂಬುಸಿಕ್ಕಿ ಸುಮ್ಮನೆ ಕೂಪಲಾಗ, ಎಲ್ಲಿ ಹೋತು ಹೇಳಿ ಹುಡ್ಕೆಕ್ಕು. ಈ ಎಣ್ಣೆ ಗಾಳಿಯ ನೀರಿನ ಪಸೆಯನ್ನೂ ಎಳಕ್ಕೊಳ್ತು. ನಮ್ಮ ಮಳೆಗೆ ಕೇಳೆಕ್ಕೊ? ಹಾಂಗಾಗಿ ಎರಡು ವರ್ಷಕ್ಕೊಂದರಿ ಪೂರ್ತಿ ಬದಲುಸುದು ಒಳ್ಳೆದು.

ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇತ್ತು. ಆ ಧೂಳಿನ ಬಾಯಿಲಿ ಊಪುಲಾಗ, ಗಾಳಿ ಹೊಡದು ಹಾರ್ಸುಲಾಗ. ಚೆಂಡಿ ವಸ್ತ್ರಲ್ಲಿ ಉದ್ದಿ ಆ ವಸ್ತ್ರವ ಕಟ್ಟಿ ಇಡ್ಕೆಕ್ಕು. ಆಸ್ಬೆಸ್ಟಾಸಿನ ಕೆಲಸ ಮಾಡುವವರ ಅಂಗಿಯ ಮನೆಲಿ ಒಗದ ಹೆಮ್ಮಕ್ಕೊಗೂ ಶ್ವಾಸಕೋಶದ ಸೀಕು ಬಂದದು ಹೆರದೇಶಂಗಳ ವೈದ್ಯರ ದಾಖಲೆಗಳಲ್ಲಿ ಇದ್ದು. ಹಾಂಗಾಗಿ ಜೀಪಿನ ಕೆಲಸದ ಅಂಗಿಯ ಕುಡುಗುಲಾಗ, ಮಕ್ಕಳ ವಸ್ತ್ರದೊಟ್ಟಿಂಗೆ ಹಾಕುಲಾಗ, ಬೇರೆಯೇ ನೀರಿಲಿ ಅದ್ದಿ ಒಗೆಯೆಕ್ಕು.

ಗುಜರಿಗೊ ಅಲ್ಲದೊ ಹೇಳಿ ತೀರ್ಮಾನ ಮಾಡ್ಲೆ ಬಣ್ಣ ನೋಡೆಡಿ, ಅಡಿಯ ಚಾಸಿ ನೋಡಿ. ಕೆಸರು ತೊಳದು ಸ್ಕ್ರೂಡ್ರೈವರಿಲಿ ಕುತ್ತಿ ನೋಡೆಕ್ಕು. ತುಕ್ಕಿನೊಳ ಅದು ಹೊಕ್ಕರೆ, ಬಿರುಕು ಕಂಡರೆ, ಮನೆಯೋರ ಕೂರ್ಸಿ ಗುಡ್ಡೆ ಹತ್ತುಸುವ ಗಾಡಿ ಅಲ್ಲ ಅದು. ಚಾಸಿ ಗಟ್ಟಿ ಇದ್ದರೆ ಇಂಜಿನು, ಗೇರು, ಬ್ರೇಕು ಎಲ್ಲವೂ ಬಿಚ್ಚಿ ಸರಿ ಮಾಡ್ಲೆ ಎಡಿಗಾದ್ದೇ. ಅದಕ್ಕೆ ಹೇಳಿಯೇ ಮಾಡಿದ್ದದು.

ಎಣ್ಣೆ ಬದಲುಸಿದ್ದು ಯೇವಗ, ಗ್ರೀಸು ಹಾಕಿದ್ದು ಯೇವಗ ಹೇಳಿ ಗೆಂಡುಮಕ್ಕೊಗೆ ನೆಂಪು ಒಳಿತ್ತಿಲ್ಲೆ. ಹಾಲಿನ ಲೆಕ್ಕ ಬರವ ಕೆಲೆಂಡರಿಲಿಯೇ ಅದರದ್ದೂ ತಾರೀಕು ಬರದು ಮಡಗಿ. ಕಾನಿ ರಾಡ್ ಹೇಳಿದ್ದುದೇ ಅದನ್ನೇ.