ಬಲಿಷ್ಠರ ಆಣೆ: ಬೆಳಗೊಳ ಮತ್ತು ಹಳೇಬೀಡಿನ ಎರಡು ಸಂಧಾನ ಶಾಸನಗಳು

ಕರ್ನಾಟಕದ ಮತಸಾಮರಸ್ಯದ ಮಾತು ಬಂದಾಗಲೆಲ್ಲ ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ಉದಾಹರಿಸುವುದು ರೂಢಿ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಅವುಗಳ ಪರಿಷ್ಕೃತ ಆವೃತ್ತಿಯನ್ನು ತಂದರು. ವಿಜಯನಗರದ ಅರಸರ ಧರ್ಮಸಹಿಷ್ಣುತೆಗೆ ಸಾಕ್ಷಿಯೆಂದೇ ಈ ಶಾಸನ ಹೆಸರಾಯಿತು. ಅರಸನನ್ನು ಹೊಗಳಲು ಬೇಕಾದಷ್ಟನ್ನು ಮಾತ್ರ ಎತ್ತಿಕೊಂಡರೆ ಅದರ ತಿರುಳು ಕೈತಪ್ಪುತ್ತದೆ. ಇದು ಮೂಲತಃ ಒಂದು ವ್ಯಾಜ್ಯದ ತೀರ್ಮಾನ. ಹಾಗೆಂದೇ ಓದಿ, 1638ರ ಹಳೇಬೀಡಿನ ಶಾಸನದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

12ನೆಯ ಶತಮಾನದಿಂದಾಚೆಗೆ ಜೈನರಿಗಿದ್ದ ರಾಜಾಶ್ರಯ ಕುಗ್ಗುತ್ತ ಬಂತು. ಒಂದೆಡೆ ರಾಮಾನುಜರ ಅನುಯಾಯಿಗಳು ಮೇಲುಕೋಟೆಯಲ್ಲಿ ನೆಲೆಯೂರಿದರು. ಇನ್ನೊಂದೆಡೆ ಶೈವ, ವೀರಶೈವ ಮತಗಳು ಬೆಳೆದವು. ಶಿವಭಕ್ತ ಏಕಾಂತದ ರಾಮಯ್ಯ ಜೈನರನ್ನು ಸೋಲಿಸಿದ ಕಥೆಯನ್ನು ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇಗುಲದ ಶಾಸನವೂ ಶಿಲ್ಪಗಳೂ ಹೇಳುತ್ತವೆ. ಅಂದರೆ 1368ರ ಸಂಧಾನದ ಹಿಂದೆ ತಲೆಮಾರುಗಳ ಘರ್ಷಣೆಯಿದೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ‘ಭಕ್ತರು’ ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಬುಕ್ಕರಾಯನಿಗೆ ದೂರು ಕೊಟ್ಟರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು. ಅರಸನು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಹಿಡಿದು ಆ ವೈಷ್ಣವರ ಕೈಗೆ ಒಪ್ಪಿಸಿದ. ಆ ಸಭೆಯ ಪಟ್ಟಿಯನ್ನು ಗಮನಿಸಬೇಕು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಜೊತೆಗೆ ತಿರುಕುಲ, ಜಾಂಬವಕುಲವೆಂಬ ಅಂಚಿನ ಸಮುದಾಯಗಳವರ ಹೆಸರೂ ಅದರಲ್ಲಿದೆ. ಮಠದ ಹಿರಿಯರ ಮಾತನ್ನಷ್ಟೇ ನೆಚ್ಚಿಕೊಂಡರೆ ಬೀದಿಯ ಜಗಳ ನಿಲ್ಲದು ಎಂಬ ಲೆಕ್ಕಾಚಾರ ಇದರ ಹಿಂದಿದ್ದಿರಬೇಕು.

ತೀರ್ಮಾನದ ವಿವರಗಳು ತತ್ತ್ವಕ್ಕಿಂತ ವ್ಯವಹಾರಕ್ಕೆ ಸೇರಿದವು. ಪಂಚಮಹಾವಾದ್ಯಗಳೂ ಕಲಶವೂ ಪೂರ್ವಮರ್ಯಾದೆಯಂತೆ ಜೈನರಿಗೆ ಸಲ್ಲಬೇಕು. ಅವರಿಗೆ ಒದಗುವ ಹಾನಿ, ವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಬಗೆಯಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಿಸಬೇಕು. ಮಾಗಡಿ ಬಳಿಯ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿಯೇ ಸಿಕ್ಕಿದೆ. ರಾಜ್ಯದ ಜೈನರಿಂದ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತುವ ಹೊಣೆ ತಿರುಮಲೆಯ ಶ್ರೀವೈಷ್ಣವ ತಾತಯ್ಯನದು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಬುಕ್ಕರಾಯನಿಗೆ ಬಿನ್ನಹ ಮಾಡಿ ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದ ಬುಸುವಿ ಸೆಟ್ಟಿಗೆ ಎರಡೂ ಮತದವರು ಕೂಡಿ ಸಂಘನಾಯಕ ಪಟ್ಟ ಕಟ್ಟಿದರು.

ಇದನ್ನು ಸಮಾನರ ಒಪ್ಪಂದವೆನ್ನಲಾಗದು. ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊತ್ತರು. ಹಣ ಎತ್ತಿದವನು ಎದುರು ಪಕ್ಷದವನು. ಹಾಗೆಂದು ಇದು ಬರೀ ದಬ್ಬಾಳಿಕೆಯೂ ಅಲ್ಲ. ಭವ್ಯಜನರ, ಅಂದರೆ ಜೈನರ, ಅನುಮತಿಯ ಮೇಲೆಯೇ ಈ ಏರ್ಪಾಡು ನಡೆಯಿತೆಂದು ಶಾಸನ ಹೇಳುತ್ತದೆ. ಕಾವಲಿನ ಹೊಣೆಯನ್ನು ವೈಷ್ಣವರಿಗೇ ವಹಿಸಿದ್ದರಿಂದ ಬಸದಿಗೆ ಕೇಡಾದರೆ ಉತ್ತರ ಕೊಡಬೇಕಾದವರೂ ಅವರೇ ಆದರು. ಜೈನರು ಆಮೇಲೂ ನೆಲೆ ಕಳೆದುಕೊಳ್ಳಲಿಲ್ಲ: ಬುಕ್ಕನ ಮಗ ಎರಡನೆಯ ಹರಿಹರನ ಕಾಲದಲ್ಲಿ, ಜೈನ ದಂಡನಾಯಕ ಇರುಗಪ್ಪ ರಾಜಧಾನಿಯಲ್ಲೇ ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದ. ಇಂದಿನ ಹಂಪಿಯ ಗಾಣಗಿತ್ತಿ ಬಸದಿ ಅದೇ.

ಹಳೇಬೀಡಿನ ಪ್ರಕರಣ ಇನ್ನೂ ಇಕ್ಕಟ್ಟಿನದು. ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವ ಲಿಂಗಮುದ್ರೆ ಹಾಕಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ವ್ಯಾಜ್ಯ ಬೆಳೆಯಿತು. ಬೇಲೂರನ್ನು ವೆಂಕಟಾದ್ರಿ ನಾಯಕ ಆಳುತ್ತಿದ್ದ ಆ ಕಾಲದಲ್ಲಿ ಎರಡೂ ಕಡೆಯ ಹಿರಿಯರು ಕೂಡಿ ರಾಜಿ ಮಾಡಿಸಿದರು. ಜೈನರು ಮೊದಲು ವಿಭೂತಿ, ವೀಳ್ಯ ಕೊಡಿಸಬೇಕು. ಆಮೇಲೆ ತಮ್ಮ ಪೂಜೆ, ದೀಪಾರಾಧನೆ, ಅಭಿಷೇಕಗಳನ್ನು ಹಿಂದಿನಂತೆ ನಡೆಸಿಕೊಳ್ಳಬಹುದು. ಜೈನರು ಮರ್ಯಾದೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಆಚರಣೆಯನ್ನು ಉಳಿಸಿಕೊಂಡರು.

ಆದರೆ ಶಾಪದ ಭಾಗಕ್ಕೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ. ವಿಭೂತಿ ರುದ್ರಾಕ್ಷಿಗಳಿಗೆ, ಕಾಶಿ ರಾಮೇಶ್ವರಗಳ ಲಿಂಗಗಳಿಗೆ ಎರಡು ಬಗೆದವನು. ಬಸದಿಯನ್ನು ಕಾಯುವ ಆಣೆ ವೀರಶೈವರ ದೇವರ ಮೇಲಿದೆ. ಬೆಳಗೊಳದ ಶಾಸನವೂ ಜಿನಸ್ತುತಿಯಿಂದಲ್ಲ, ರಾಮಾನುಜರ ಸ್ತುತಿಯಿಂದ ಆರಂಭವಾಗುತ್ತದೆ. ಜೈನಕ್ಷೇತ್ರದ ನಡುವೆ ಇದು ವಿಚಿತ್ರವೆನಿಸಿದರೂ ಅಲ್ಲೂ ನಡೆದಿರುವುದು ಅದೇ ತರ್ಕ: ಮಾತು ಮುರಿಯುವ ಬಲ ಯಾರಿಗಿದೆಯೋ ಅವರ ಶ್ರದ್ಧೆಯ ಮೇಲೆಯೇ ಮಾತು ಕೊಡಿಸಬೇಕು.

ಈ ಎರಡು ಸಂಧಾನಗಳಲ್ಲಿ ಯಾರೂ ತಮ್ಮ ಮತವನ್ನು ಬಿಡಲಿಲ್ಲ, ಸಡಿಲಿಸಲೂ ಇಲ್ಲ. ಭೇದವಿಲ್ಲವೆಂಬ ಅರಸನ ಘೋಷಣೆಯೊಂದೇ ಬಸದಿಗಳನ್ನು ಕಾಯಲು ಸಾಲುತ್ತಿರಲಿಲ್ಲ; ಅದಕ್ಕೆಂದೇ ವಾದ್ಯ ಯಾರದು, ಹಣ ಯಾರದು, ಕಾವಲು ಯಾರದು ಎಂದು ಬಿಡಿಸಿ ಬರೆಯಬೇಕಾಯಿತು. ಬಹುಸಂಖ್ಯಾತರ ಔದಾರ್ಯಕ್ಕಿಂತ ಅವರನ್ನು ಅವರದೇ ಧರ್ಮದ ಹೆಸರಿನಲ್ಲಿ ಕಟ್ಟಿಹಾಕುವ ಕರಾರು ಹೆಚ್ಚು ನಂಬಿಕೆಗೆ ಅರ್ಹವೆಂದು ಈ ಶಾಸನಗಳನ್ನು ಬರೆಸಿದವರು ತಿಳಿದಿದ್ದರು.