ಅತ್ತೆ ಆರಿಸಿದ ದೇಶ

ನಮ್ಮ ಫಳ್ನೀರಿನಲ್ಲಿ ಈಗ ಯಾರಿಗಾದರೂ ಮನೆಯ ಗುರುತು ಹೇಳಬೇಕಾದರೆ ಮೊದಲು ಆಸ್ಪತ್ರೆಯ ಹೆಸರು ಹೇಳಬೇಕು. ಮಿಲಾಗ್ರಿಸ್ ಇಗರ್ಜಿಯ ಕಡೆಯಿಂದ ಕಂಕನಾಡಿಯ ಕಡೆಗೆ ನಡೆದರೆ ದಾರಿಯುದ್ದಕ್ಕೂ ಔಷಧಿ ಅಂಗಡಿ, ಲ್ಯಾಬು, ಮಾಳಿಗೆಯ ಮೇಲೆ ಮಾಳಿಗೆ ಎದ್ದ ಫ್ಲ್ಯಾಟುಗಳು. ನಾನು ಸಣ್ಣವಳಿದ್ದಾಗ ಇಲ್ಲಿ ಹೆಂಚಿನ ಮನೆಗಳಿದ್ದವು, ಮನೆಗೊಂದು ಬಾವಿ, ಬಾವಿಗೊಂದು ಹಲಸಿನ ಮರ. ನಾನೀಗ ಕುಳಿತು ಬರೆಯುತ್ತಿರುವ ಫ್ಲ್ಯಾಟು ನಮ್ಮ ಅಜ್ಜನ ಹಿತ್ತಿಲಲ್ಲೇ ಎದ್ದದ್ದು. ಬಾವಿ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ಕಳೆದ ಮಳೆಗಾಲದ ಒಂದು ಸಂಜೆ ತಮ್ಮನ ಮಗಳು ಚಹಾದ ಲೋಟ ಹಿಡಿದುಕೊಂಡು ನನ್ನ ಬಳಿ ಬಂದು ಕುಳಿತಳು. ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿ ಎರಡು ವರ್ಷ ಇಲ್ಲಿಯೇ ಶಾಲೆಯೊಂದರಲ್ಲಿ ಕಲಿಸಿದವಳು. "ಅತ್ತೆ, ಹೊರದೇಶಕ್ಕೆ ಹೋಗುವ ಎಂದು ಮಾಡಿದ್ದೇನೆ. ದುಬೈ ಉಂಟು, ಮಾಲ್ದೀವ್ಸ್ ಉಂಟು, ಕೊರಿಯಾಕ್ಕೂ ಹಾಕಬಹುದು ಎನ್ನುತ್ತಾರೆ. ಯಾವ ದೇಶ ಒಳ್ಳೆಯದು?" ಎಂದಳು.

ನನಗೆ ಮೈಯೆಲ್ಲ ಜುಮ್ಮೆಂದಿತು. ಇದೇ ಮಣ್ಣಿನ ಮೇಲೆ, ಇಂಥದೇ ಮಳೆಯ ಸಂಜೆ, ಇದೇ ಪ್ರಶ್ನೆಯನ್ನು ಇನ್ನೊಬ್ಬ ಹೆಣ್ಣು ಕೇಳಿದ್ದಳು. ಆಕೆ ನನ್ನ ಅತ್ತೆ, ಅಪ್ಪನ ತಂಗಿ. ವರ್ಷ 1967. ನನಗಾಗ ಒಂಬತ್ತು ವಯಸ್ಸು.

ಅತ್ತೆ ಬಿ.ಎ. ಓದಿ ಬಿ.ಟಿ. ಮಾಡಿದ್ದರು. ಈಗಿನ ಬಿ.ಎಡ್.ಗೆ ಆಗ ಬಿ.ಟಿ. ಎನ್ನುತ್ತಿದ್ದರು. ಹೆಣ್ಣುಮಕ್ಕಳು ಅಷ್ಟು ಓದುವುದು ಮಂಗಳೂರಿನಲ್ಲಿ ಆಗಲೇ ದೊಡ್ಡ ಸಂಗತಿಯಾಗಿ ಉಳಿದಿರಲಿಲ್ಲ. ಕಾರ್ಮೆಲ್ ಸಭೆಯ ಸಿಸ್ಟರುಗಳು ಇಲ್ಲಿಗೆ ಬಂದದ್ದು 1870ರಲ್ಲಿ. ನಮ್ಮ ಮನೆಯಿಂದ ನಡೆದು ಹೋಗಬಹುದಾದ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ. ಓದಿದ ಹೆಣ್ಣುಮಕ್ಕಳು ಊರಿನಲ್ಲಿ ಬೇಕಾದಷ್ಟಿದ್ದರು, ಅವರಿಗೆ ತಕ್ಕ ಸಂಬಳದ ಕೆಲಸ ಮಾತ್ರ ಇರಲಿಲ್ಲ. ಅಜ್ಜನಿಗೆ ಸಾಲವಿತ್ತು, ಮನೆಯ ಮಾಡು ಸೋರುತ್ತಿತ್ತು, ಚಿಕ್ಕಪ್ಪಂದಿರಿಬ್ಬರ ಓದು ಬಾಕಿ ಇತ್ತು. ಆಫ್ರಿಕದ ಶಾಲೆಗಳಿಗೆ ಶಿಕ್ಷಕರು ಬೇಕಾಗಿದ್ದಾರೆ ಎಂಬ ಸುದ್ದಿ ಬಂದಾಗ ಅತ್ತೆ ತಾವಾಗಿಯೇ "ನಾನು ಹೋಗುತ್ತೇನೆ" ಎಂದರು.

ಆಗ ಜಗಲಿಯಲ್ಲಿ ನಡೆದ ಚರ್ಚೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪನ ಶಾಲೆಯ ಹಳೆಯ ಅಟ್ಲಾಸು ಮಧ್ಯದಲ್ಲಿ. ಅದರಲ್ಲಿ ಆಫ್ರಿಕದ ಅರ್ಧಕ್ಕರ್ಧ ಇನ್ನೂ ಬ್ರಿಟಿಷರ ಕೆಂಪು ಬಣ್ಣದಲ್ಲೇ ಇತ್ತು. ಅಜ್ಜನ ಮನಸ್ಸು ಯುಗಾಂಡಾದ ಮೇಲೆ. "ಅಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಗುಜರಾತಿಯವರಿದ್ದಾರೆ, ಗೋವೆಯವರಿದ್ದಾರೆ. ಒಬ್ಬಳೇ ಹೆಣ್ಣಿಗೆ ಅದಕ್ಕಿಂತ ಕ್ಷೇಮದ ಜಾಗ ಯಾವುದುಂಟು?" ಎಂದರು. ಅಪ್ಪ ಜಾಂಬಿಯಾ ಎಂದರು. ಅದು 1964ರ ಅಕ್ಟೋಬರಿನಲ್ಲಿ ಸ್ವತಂತ್ರವಾಗಿತ್ತು. ತಾಮ್ರದ ಹಣವಿತ್ತು, ಆದರೆ ಇಡೀ ದೇಶದಲ್ಲಿ ಪದವೀಧರರು ನೂರು ಚಿಲ್ಲರೆ ಮಾತ್ರ. ನೆರೆಯ ರೊಡೇಷಿಯಾದ ಗಲಾಟೆಯಿಂದ ಅಲ್ಲಿ ಪೆಟ್ರೋಲಿಗೂ ಬರವೆಂದು ಪತ್ರಿಕೆಯಲ್ಲಿ ಬಂದಿತ್ತು. ನೈಜೀರಿಯಾದ ಹೆಸರು ಎತ್ತುವ ಹಾಗೆಯೇ ಇರಲಿಲ್ಲ. ಆ ಜುಲೈಯಲ್ಲೇ ಬಿಯಾಫ್ರಾದ ಯುದ್ಧ ಶುರುವಾಗಿತ್ತು.

ಅತ್ತೆ ಬೆರಳಿಟ್ಟದ್ದು ಇಥಿಯೋಪಿಯಾದ ಮೇಲೆ. ಅಜ್ಜ ಅದನ್ನು ಅಬಿಸೀನಿಯಾ ಎನ್ನುತ್ತಿದ್ದರು. "ಅದು ಇಂಗ್ಲಿಷರು ಆಳಿದ ದೇಶವೇ ಅಲ್ಲವಲ್ಲ, ಅಲ್ಲಿಯವರಿಗೆ ಇಂಗ್ಲಿಷ್ ಎಂತಕ್ಕೆ?" ಎಂದು ಕೇಳಿದರು. ಅಜ್ಜನ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಓದಿ.

1896ರಲ್ಲಿ ಅದ್ವಾದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ ಸ್ವತಂತ್ರವಾಗಿ ಉಳಿದ ದೇಶ ಅದು. ಆದರೆ 1936ರಿಂದ 1941ರವರೆಗೆ ಇಟಲಿಯವರು ಬಂದು ಕುಳಿತರು. 1937ರಲ್ಲಿ ಅವರು ಓದು ಬಲ್ಲ ತರುಣರನ್ನು ಹುಡುಕಿ ಹುಡುಕಿ ಕೊಂದರು. ಚಕ್ರವರ್ತಿ ಹೈಲೆ ಸೆಲಾಸಿ ಮರಳಿ ಬಂದಾಗ ಶಾಲೆ ತೆರೆಯಲು ಮಕ್ಕಳಿದ್ದರು, ಶಿಕ್ಷಕರಿರಲಿಲ್ಲ. ದೇಶದ ಮೇಲ್ತರಗತಿಗಳಿಗೆ ಇಂಗ್ಲಿಷನ್ನು ಮಾಧ್ಯಮ ಮಾಡಿಕೊಂಡು ಹೊರಗಿನವರನ್ನು ಕರೆದರು. 1950ರಲ್ಲಿ ಆಡಿಸ್ ಅಬಾಬಾದ ಕಾಲೇಜನ್ನು ಕೆನಡಾದ ಜೆಸ್ವಿತರು ಕಟ್ಟಿ ನಿಲ್ಲಿಸಿದರು, 1962ರಿಂದ ಅಮೆರಿಕದ ಪೀಸ್ ಕೋರ್ ತರುಣರು ಬಂದರು. ಊರೂರಿನ ಹೈಸ್ಕೂಲುಗಳಿಗೆ ಹೋದವರಲ್ಲಿ ನಮ್ಮ ದೇಶದ ಮೇಷ್ಟ್ರುಗಳು, ಟೀಚರುಗಳು ಬಹಳ. ಕೇರಳದವರಂತೂ ತಂಡತಂಡವಾಗಿ ಹೋದರು. ಚಕ್ರವರ್ತಿ 1956ರಲ್ಲಿ ಭಾರತಕ್ಕೆ ಬಂದು ಹೋಗಿದ್ದ ಕಾರಣ ಅಜ್ಜನಿಗೂ ಆ ಹೆಸರು ಅಪರಿಚಿತವಾಗಿರಲಿಲ್ಲ. "ರಾಜ ಇದ್ದಾನೆ, ಶಿಸ್ತು ಇದ್ದೀತು" ಎಂದು ಒಪ್ಪಿದರು.

ಹೀಗೆ ಅತ್ತೆ ಬಸ್ಸಿನಲ್ಲಿ ಬೊಂಬಾಯಿಗೆ, ಅಲ್ಲಿಂದ ವಿಮಾನದಲ್ಲಿ ಇಥಿಯೋಪಿಯಾಕ್ಕೆ ಹೋದರು. ಹಾಕಿದ್ದು ಜಿಮ್ಮಾ ಎಂಬ ಊರಿಗೆ, ಕಾಫಿ ಬೆಳೆಯುವ ಸೀಮೆ. ಕಾಗದಗಳು ಬರುತ್ತಿದ್ದವು, ಮಡಚಿದ ನೀಲಿ ಏರೋಗ್ರಾಮುಗಳು. ಅಮ್ಮ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು, ನಾವೆಲ್ಲ ಸುತ್ತ ಕುಳಿತು ಕೇಳುತ್ತಿದ್ದೆವು.

ಅಲ್ಲಿಯ ವರ್ಷಕ್ಕೆ ಹದಿಮೂರು ತಿಂಗಳಂತೆ. ಹೊತ್ತಿನ ಲೆಕ್ಕ ಸೂರ್ಯೋದಯದಿಂದ, ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. "ಮೊದಲ ದಿನ ಎರಡು ಗಂಟೆಗೆ ಬನ್ನಿ ಎಂದರು, ನಾನು ಊಟ ಮುಗಿಸಿ ಹೋದೆ. ಶಾಲೆ ಬಿಡುವ ಹೊತ್ತಾಗಿತ್ತು" ಎಂದು ಬರೆದಿದ್ದರು. ರಾಗಿಗಿಂತಲೂ ಸಣ್ಣಗಿನ ತೆಫ್ ಎಂಬ ಕಾಳಿನ ಹಿಟ್ಟನ್ನು ಕಲಸಿ, ಹುಳಿ ಬರಿಸಿ, ಒಂದೇ ಬದಿ ಬೇಯಿಸಿ ತಟ್ಟೆಯಗಲದ ದೋಸೆ ಮಾಡುತ್ತಾರೆ, ಅದಕ್ಕೆ ಇಂಜೆರಾ ಎನ್ನುತ್ತಾರೆ. ಮನೆಯವರೆಲ್ಲ ಒಂದೇ ತಟ್ಟೆಯಿಂದ ಹರಿದು ತಿನ್ನುತ್ತಾರೆ. ಕಾಫಿಯನ್ನು ಬಂದವರ ಎದುರಿನಲ್ಲೇ ಹುರಿದು, ಕುಟ್ಟಿ, ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯದನ್ನು ಕುಡಿಯದೆ ಏಳಬಾರದು. ಇದನ್ನು ಕೇಳಿ ಅಜ್ಜಿ, "ಹಾಗಾದರೆ ಉಪವಾಸ ಬೀಳಲಿಕ್ಕಿಲ್ಲ" ಎಂದು ನಿಟ್ಟುಸಿರು ಬಿಟ್ಟಿದ್ದು ನೆನಪಿದೆ.

ಒಂದು ಕಾಗದದ ಮಾತನ್ನು ಇಲ್ಲಿ ಹೇಳಲೇಬೇಕು. ಅತ್ತೆಯ ಶಾಲೆಯಲ್ಲಿ ಒಬ್ಬ ಅಮೆರಿಕದ ತರುಣ ಶಿಕ್ಷಕನೂ ಇದ್ದ. ವೇಳಾಪಟ್ಟಿಗೆ ಅವನು 'ಸ್ಕೆಡ್ಯೂಲ್' ಎಂದರೆ ಅತ್ತೆ 'ಶೆಡ್ಯೂಲ್' ಎನ್ನುತ್ತಿದ್ದರು. ಮಕ್ಕಳು ಎದ್ದು ನಿಂತು ಕೇಳಿದರಂತೆ: "ಅವರದು ತಾಯಿಭಾಷೆ, ನಿಮ್ಮದು ಕಲಿತ ಭಾಷೆ. ಯಾರದು ಸರಿ?" ಅತ್ತೆ ಹೇಳಿದರಂತೆ: "ಎರಡೂ ಸರಿ. ಆದರೆ ಕಲಿಯುವಾಗ ಎಲ್ಲಿ ಎಡವುತ್ತೇವೆ ಎಂದು ಗೊತ್ತಿರುವುದು ನನಗೆ. ನಾನೂ ಅಲ್ಲಿಯೇ ಎಡವಿದವಳು."

ಈ ಮಾತಿನ ಬೆಲೆ ನನಗೆ ಮತ್ತೆ ತಿಳಿದದ್ದು ತಮ್ಮನ ಮಗಳ ಕೊರಿಯಾದ ವಿಷಯದಲ್ಲಿ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಬಹುಕಾಲ ಇಂಗ್ಲೆಂಡ್, ಅಮೆರಿಕ, ಕೆನಡಾ ಮುಂತಾದ ಏಳು ದೇಶಗಳ ಪ್ರಜೆಗಳಿಗೆ ಮಾತ್ರ ಮೀಸಲಾಗಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದಿಂದ ನಮ್ಮ ಶಿಕ್ಷಕರಿಗೂ ಒಂದು ಕಿಂಡಿ ತೆರೆಯಿತು, ಅದೂ ಅಲ್ಲಿಯ ಸರ್ಕಾರಿ ಶಾಲೆಗಳ ಮಟ್ಟಿಗೆ. ಇಂಗ್ಲಿಷ್ ಮನೆಮಾತಾಗಿರುವವರೇ ಕಲಿಸಬೇಕು ಎಂದು ಕೇಳುವ ದೇಶಗಳು ಇನ್ನೂ ಇವೆ. ಓದಿದ ಹುಡುಗಿ ಇದನ್ನು ಹೇಳಿಕೊಂಡು ಮುಖ ಸಣ್ಣದು ಮಾಡಿದಳು.

ನಾನು ಅವಳಿಗೆ ನಮ್ಮ ಊರಿನದೇ ಕಥೆ ಹೇಳಿದೆ. ಮಂಗಳೂರಿಗೆ ಇಂಗ್ಲಿಷ್ ಕಲಿಸಿದವರು ಯಾರು? 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಮಾತಾಡುವವರು. 1894ರಲ್ಲಿ ಇಲ್ಲಿಯೇ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ಬರೆದ ಕಿಟ್ಟೆಲ್ಲರ ತಾಯಿಭಾಷೆ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. 1878ರ ಕೊನೆಯ ದಿನ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಜೆಸ್ವಿತರು ಇಟಲಿಯವರು. ಕಾರ್ಮೆಲ್ ಸಿಸ್ಟರುಗಳ ಸಭೆ ಹುಟ್ಟಿದ್ದು ಫ್ರಾನ್ಸಿನಲ್ಲಿ. ತಾವೇ ಕಲಿತ ಭಾಷೆಯನ್ನು ಅವರು ನಮಗೆ ಕಲಿಸಿದರು, ಅದನ್ನು ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವ ಮನೆಗಳ ಹೆಣ್ಣುಮಕ್ಕಳು ಕಲಿತು ಜಿಮ್ಮಾದವರೆಗೆ ಒಯ್ದರು. ಪಾಸ್‌ಪೋರ್ಟು ನೋಡಿ ಟೀಚರನ್ನು ಅಳೆದಿದ್ದರೆ ನಮ್ಮ ಊರಿಗೆ ಇಂಗ್ಲಿಷೇ ಬರುತ್ತಿರಲಿಲ್ಲ.

ಇನ್ನು ಆರಿಸಿದ ದೇಶಗಳ ಗತಿ ಏನಾಯಿತು? ಅಜ್ಜ ಕ್ಷೇಮವೆಂದ ಯುಗಾಂಡಾದಿಂದ 1972ರ ಆಗಸ್ಟಿನಲ್ಲಿ ಇದಿ ಅಮೀನ್ ಏಷ್ಯಾದವರಿಗೆ ತೊಂಬತ್ತು ದಿನದ ಗಡುವು ಕೊಟ್ಟು ಹೊರಗಟ್ಟಿದ. ಅಪ್ಪನ ಜಾಂಬಿಯಾದಲ್ಲಿ 1975ರ ಹೊತ್ತಿಗೆ ತಾಮ್ರದ ಬೆಲೆ ಕುಸಿಯಿತು. ಯಾರೂ ಹೋಗಬಾರದೆಂದ ನೈಜೀರಿಯಾ ಯುದ್ಧ ಮುಗಿಸಿ, ಎಣ್ಣೆಯ ಹಣದಲ್ಲಿ 1976ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣವೆಂದು ಸಾರಿ ನಮ್ಮವರನ್ನು ಕೈಬೀಸಿ ಕರೆಯಿತು. ಆಗ ಅಲ್ಲಿಯ ನೈರಾ ಡಾಲರಿಗಿಂತ ತೂಕದ ನಾಣ್ಯ. 1986ರ ನಂತರ ಅದೇ ನೈರಾ ಕುಸಿದು, ಸಂಬಳ ಅಷ್ಟೇ ಇದ್ದರೂ ಊರಿಗೆ ಮುಟ್ಟುವುದು ಚಿಲ್ಲರೆಯಾಯಿತು. ಅತ್ತೆಯ ಇಥಿಯೋಪಿಯಾದಲ್ಲಿ 1974ರ ಸೆಪ್ಟೆಂಬರ್ 12ರಂದು ಸೈನಿಕರು ಚಕ್ರವರ್ತಿಯನ್ನು ಸಿಂಹಾಸನದಿಂದ ಇಳಿಸಿದರು. ಮೇಲ್ತರಗತಿಯ ಮಕ್ಕಳನ್ನು ಹಳ್ಳಿಗಳಿಗೆ ಅಕ್ಷರ ಕಲಿಸಲು ಕಳಿಸಿದರು. "ನನ್ನ ಹನ್ನೊಂದನೆಯ ತರಗತಿಯ ಬೆಂಚುಗಳು ಖಾಲಿ. ಹಾಜರಿ ಪುಸ್ತಕ ತೆರೆದು ಹೆಸರುಗಳನ್ನು ಓದಿ ಮುಚ್ಚಿಡುತ್ತೇನೆ" ಎಂಬುದು ಅಲ್ಲಿಂದ ಬಂದ ಕೊನೆಯ ಕಾಗದಗಳಲ್ಲೊಂದು. 1975ರಲ್ಲಿ ಅತ್ತೆ ಮರಳಿದರು.

ಮರಳಿ ಬಂದದ್ದು ಯಾವ ಮನೆಗೆ ಎಂಬುದನ್ನೂ ಬರೆಯಬೇಕಲ್ಲ. ಎಂಟು ವರ್ಷ ಅವರು ಕಳಿಸಿದ ಹಣದಲ್ಲಿ ಮಾಡಿಗೆ ಹೊಸ ಹೆಂಚು ಬಂತು, ಸಾಲ ತೀರಿತು, ಒಬ್ಬ ಚಿಕ್ಕಪ್ಪ ಎಂಜಿನಿಯರ್ ಆದರು, ಇನ್ನೊಬ್ಬರು ವಕೀಲರಾದರು. ನಾನು ಕಾಲೇಜು ಮೆಟ್ಟಲು ಹತ್ತಿದ್ದೂ ಆ ಹಣದಿಂದಲೇ. ಅಳಿಯಕಟ್ಟಿನ ನಾಡಿನಲ್ಲಿದ್ದರೂ ನಮ್ಮದು ಮಕ್ಕಳಕಟ್ಟಿನ ಮನೆ. ಅಜ್ಜ ಉಯಿಲು ಬರೆದಿಟ್ಟದ್ದು ಮೂವರು ಗಂಡುಮಕ್ಕಳ ಹೆಸರಿಗೆ. ಮೂವತ್ತೈದರ ಅತ್ತೆಗೆ ಆ ಮನೆಯಲ್ಲಿ ಒಂದು ಕೋಣೆಯೂ ತನ್ನದೆಂದು ಇರಲಿಲ್ಲ. ಯಾರೂ ಹೊರಗೆ ಹಾಕಲಿಲ್ಲ, ಯಾರೂ ಇರು ಎಂದು ಒತ್ತಾಯಿಸಲೂ ಇಲ್ಲ. ಅವರು ಇದೇ ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಂಡು ಬದುಕಿದರು. ಹಿತ್ತಿಲು ಬಿಲ್ಡರಿಗೆ ಹೋಗಿ ಫ್ಲ್ಯಾಟುಗಳು ಪಾಲಿಗೆ ಬಂದಾಗ ಅತ್ತೆ ಬದುಕಿರಲಿಲ್ಲ. ಬದುಕಿದ್ದರೂ ಕಾಗದದಲ್ಲಿ ಅವರ ಹೆಸರು ಇರುತ್ತಿರಲಿಲ್ಲ. ಅಪ್ಪನ ಪಾಲಿನ ಫ್ಲ್ಯಾಟಿನಲ್ಲಿ ಕುಳಿತು ನಾನು ಇದನ್ನು ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ದಿನ ಸಿಹಿ ತೆಗೆದುಕೊಂಡು ಅವರ ಕೋಣೆಗೆ ಹೋಗಿದ್ದೆ. ಕಾಫಿ ಹುರಿದು ಮೂರು ಸುತ್ತು ಕೊಟ್ಟರು. "ಅತ್ತೆ, ಯುಗಾಂಡಾಕ್ಕೋ ಜಾಂಬಿಯಾಕ್ಕೋ ಹೋಗಬಹುದಿತ್ತು ಎಂದು ನಿಮಗೆ ಯಾವತ್ತಾದರೂ ಅನ್ನಿಸಿತ್ತಾ?" ಎಂದು ಕೇಳಿದೆ. "ದೇಶ ಆರಿಸಿದ್ದು ತಪ್ಪಲ್ಲ ಮಗಾ. ಅಲ್ಲಿಯ ಮಕ್ಕಳಿಗೆ ನಾನು ಬೇಕಾಗಿದ್ದೆ, ಅಷ್ಟು ಸಾಕು. ಡ್ರಾಫ್ಟು ಯಾರ ಹೆಸರಿಗೆ ಬರೆಯುತ್ತೇನೆ ಎಂದು ನೋಡದೆ ಹೋದೆ, ತಪ್ಪಿದ್ದು ಅಲ್ಲಿ" ಎಂದರು. ದೂರುವ ದನಿ ಇರಲಿಲ್ಲ, ವ್ಯಾಕರಣದ ತಪ್ಪು ತೋರಿಸಿದ ಹಾಗೆ ಹೇಳಿದರು.

ಹಾಗಾಗಿ ತಮ್ಮನ ಮಗಳಿಗೆ ನಾನು ಯಾವ ದೇಶದ ಹೆಸರನ್ನೂ ಹೇಳಲಿಲ್ಲ. ಕಾಗದದ ಮೇಲೆ ಬರೆಯಲು ಹೇಳಿದೆ: ಸಂಬಳ ಯಾವ ನಾಣ್ಯದಲ್ಲಿ, ಅದನ್ನು ಊರಿಗೆ ಕಳಿಸಲು ಅಡ್ಡಿ ಉಂಟೋ, ಇರಲು ಮನೆ ಯಾರು ಕೊಡುತ್ತಾರೆ, ಒಪ್ಪಂದ ಎಷ್ಟು ವರ್ಷ, ನಡುವೆ ಬಿಟ್ಟು ಬರಬೇಕಾದರೆ ಟಿಕೇಟು ಯಾರದು. ದುಬೈಯ ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯ, ಅಲ್ಲಾಡುವುದಿಲ್ಲ. ಆದರೆ ಅವಳಿಗೆ ಬಂದ ಕರೆ ಭಾರತೀಯ ಶಾಲೆಯದು, ಕಲಿಸುವುದು ನಮ್ಮವರ ಮಕ್ಕಳಿಗೇ. ಮಾಲ್ದೀವ್ಸಿನಲ್ಲಿ ಮನೆಮಾತು ದಿವೇಹಿ. 1960ರ ದಶಕದಲ್ಲಿ ಇಂಗ್ಲಿಷ್ ಮಾಧ್ಯಮ ತಂದುಕೊಂಡ ಮೇಲೆ ಅಲ್ಲಿಯ ಶಾಲೆಗಳು ಬಹುಕಾಲ ಭಾರತ, ಶ್ರೀಲಂಕಾಗಳ ಶಿಕ್ಷಕರ ಮೇಲೆಯೇ ನಿಂತಿದ್ದವು. ಆದರೆ ಡಾಲರಿನ ಕೊರತೆ ಬಂದಾಗ ಅಲ್ಲಿಂದ ಹಣ ಕಳಿಸುವುದು ಕಷ್ಟವಾದದ್ದೂ ಉಂಟು.

ಎರಡು ದಿನ ಬಿಟ್ಟು ಬಂದು, "ಮಾಲ್ದೀವ್ಸ್ ಅತ್ತೆ. ಒಂದು ಸಣ್ಣ ದ್ವೀಪ. ಹಣ ಸ್ವಲ್ಪ ಕಡಿಮೆ ಆದೀತು, ಆದರೆ ಅಲ್ಲಿಯ ಮಕ್ಕಳಿಗೆ ಟೀಚರು ಬೇಕಂತೆ" ಎಂದಳು. ನಾನು ಮಾತಾಡದೆ ಸೀರೆ ಬದಲಿಸಿ ಅವಳನ್ನು ಕರೆದುಕೊಂಡು ಕಂಕನಾಡಿಯ ಬ್ಯಾಂಕಿಗೆ ಹೋದೆ. ತಮ್ಮ ಬಾಗಿಲಲ್ಲಿ ನಿಂತು, "ಜಾಯಿಂಟ್ ಖಾತೆ ಮಾಡಿದರಾಯಿತಲ್ಲ ಅಕ್ಕ, ನನ್ನ ಹೆಸರೂ ಇರಲಿ, ಇಲ್ಲಿ ಓಡಾಡಲು ಸುಲಭ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ; ಅಜ್ಜನ ಮನಸ್ಸೂ ಕೆಟ್ಟದಿರಲಿಲ್ಲ. "ಬೇಡ" ಎಂದೆ.

ಫಾರ್ಮಿನಲ್ಲಿ ಹೆಸರು ಬರೆಯುವ ಜಾಗದಲ್ಲಿ ಅವಳೊಬ್ಬಳೇ ಬರೆದಳು. ಗುರುತಿನ ಸಾಕ್ಷಿಯಾಗಿ ನಾನು ಕೆಳಗೆ ಸಹಿ ಹಾಕಿದೆ.